ಹಾಳೆಯಷ್ಟೇ ಸಾಲದು, ಬಿದಿರೂ ಬೇಕು

ಅಪ್ಪ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ದುಡಿದವರು. ಬಿದಿರು ಚೂರಾಗಿ, ಕ್ಷಾರದಲ್ಲಿ ಬೆಂದು, ತಿರುಳಾಗಿ, ಹಾಳೆಯಾಗುವ ಕತೆಯನ್ನು ಊಟದ ಹೊತ್ತಿಗೆ ಎಷ್ಟೋ ಸಲ ಹೇಳಿದ್ದಾರೆ. ಕೊನೆಗೆ ಒಂದೇ ಮಾತು: ‘ಹಾಳೆ ಆದಮ್ಯಾಲೆ ತಿರುಗಿ ಬಿದಿರು ಮಾಡಾಕ ಬರೂದಿಲ್ಲ ನೋಡು.’ ಹಳಿಯಾಳದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ನಾನು ಸೋರ್ಸ್ ಕೋಡ್ ಅಂದರೇನೆಂದು ಹೇಳುವಾಗ ಈ ಮಾತನ್ನೇ ಎತ್ತಿಕೊಳ್ಳುತ್ತೇನೆ. ನಾವು ಒತ್ತಿ ಹಾಕಿಕೊಳ್ಳುವ ಆ್ಯಪ್ ಹಾಳೆ; ಅದನ್ನು ಮಾಡಿದವರು ಬರೆದ ಮೂಲ ಬರಹ, ಅಂದರೆ ಸೋರ್ಸ್, ಬಿದಿರು.

ಕಳೆದ ಮಳೆಗಾಲದಲ್ಲಿ ಜೋಯಿಡಾ ಕಡೆಯ ಹುಡುಗನೊಬ್ಬ ಯಾರೋ ಕೊಟ್ಟ ಹಳೆಯ 32 ಬಿಟ್ ಲ್ಯಾಪ್‌ಟಾಪ್ ತಂದ. ಅಂಥ ಯಂತ್ರಗಳನ್ನು ಲೋಕ ಕೈಬಿಡುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಲಿನಕ್ಸ್ ವಿತರಣೆ ಡೆಬಿಯನ್ 13ರಲ್ಲಿ ಅವಕ್ಕೆ ಇನ್‌ಸ್ಟಾಲರೇ ಇಲ್ಲ. ಅವನಿಗೆ ಬೇಕಿದ್ದ, ಪ್ರೋಗ್ರಾಂ ಬರೆಯುವ ಗೀನಿ ಎಡಿಟರಿನ ಹೊಸ ಆವೃತ್ತಿ ಆ ಯಂತ್ರಕ್ಕೆ ಸಿದ್ಧರೂಪದಲ್ಲಿ ಸಿಗಲಿಲ್ಲ. ಸೋರ್ಸನ್ನು ಪೆನ್‌ಡ್ರೈವಿನಲ್ಲಿ ತಂದು ಕೂತೆವು.

ಮೊದಲು ‘ಕಾನ್ಫಿಗರ್’. ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ಅದು ತಡಕುತ್ತದೆ. ಅರ್ಧಕ್ಕೇ ನಿಂತಿತು: ಕಿಟಕಿ, ಗುಂಡಿಗಳನ್ನು ಮೂಡಿಸುವ ಜಿಟಿಕೆ ಲೈಬ್ರರಿ ಇಲ್ಲವಂತೆ. ‘ಸರ, ಜಿಟಿಕೆ ಐತಲ್ಲ?’ ಇತ್ತು, ಆದರೆ ಓಡಿಸಲು ಬೇಕಾದ ಭಾಗ ಮಾತ್ರ. ಕಟ್ಟಲು ಬೇಕಾದ ಹೆಡರ್ ಫೈಲುಗಳು ‘ಡೆವ್’ ಎಂಬ ಬಾಲವಿರುವ ಬೇರೆ ಪ್ಯಾಕೇಜಿನಲ್ಲಿರುತ್ತವೆ. ಅದನ್ನು ಹಾಕಿ, ‘ಕಾನ್ಫಿಗರ್’ ಮತ್ತೆ ಓಡಿಸಿ, ಸೋರ್ಸನ್ನು ಓಡುವ ತಂತ್ರಾಂಶವಾಗಿ ಕಟ್ಟುವ ‘ಮೇಕ್’ ಕೊಟ್ಟೆವು. ಚಹಾ ಕುಡಿದು ಬಂದರೂ ಪರದೆಯ ಮೇಲೆ ಸಾಲುಗಳು ಹರಿಯುತ್ತಲೇ ಇದ್ದವು. ಆಮೇಲೆ ಕಟ್ಟಿದ್ದನ್ನು ಯಂತ್ರದಲ್ಲಿ ಕೂರಿಸುವ ‘ಮೇಕ್ ಇನ್‌ಸ್ಟಾಲ್’.

‘ಒಂದು ಕ್ಲಿಕ್ಕಿನ ಕೆಲಸಕ್ಕೆ ಇಷ್ಟು ಒದ್ದಾಟ ಯಾಕ್ರೀ?’ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ದಿನಬಳಕೆಗೆ ಕ್ಲಿಕ್ಕೇ ಸರಿ, ನಾನೂ ಅದನ್ನೇ ಮಾಡುವವನು. ಸೋರ್ಸ್ ಇದ್ದ ಮಾತ್ರಕ್ಕೆ ಮೋಸವಿಲ್ಲ ಎಂದೂ ಅಲ್ಲ. 2024ರ ಮಾರ್ಚಿನಲ್ಲಿ ‘ಎಕ್ಸ್‌ಝಡ್’ ಎಂಬ ಸಣ್ಣ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿತಲ್ಲ, ಅದು ಅಡಗಿದ್ದದ್ದೇ ಹಂಚಿಕೆಯ ಸೋರ್ಸ್ ಕಟ್ಟಿನಲ್ಲಿ. ಲಾಗಿನ್ ಅರ್ಧ ಸೆಕೆಂಡು ತಡವಾದದ್ದು ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರಿಗೆ ಕಿರಿಕಿರಿಯಾಯಿತು, ಬೆನ್ನುಹತ್ತಿ ಹಿಡಿದರು. ಬಿಚ್ಚಿ ನೋಡಲು ಸೋರ್ಸ್ ಇತ್ತು, ಬಿಚ್ಚುವುದು ಅವರಿಗೆ ಗೊತ್ತೂ ಇತ್ತು.

ಆ ಎರಡನೆಯದು ನಮ್ಮ ಮಕ್ಕಳಿಗೆ ಸಿಗುತ್ತಿಲ್ಲ. ಲ್ಯಾಬಿನಲ್ಲಿ ಎಲ್ಲವೂ ಮೊದಲೇ ಹಾಕಿಟ್ಟಿರುತ್ತದೆ. ಎರರ್ ಬಂದರೆ ಹುಡುಗರು ಓದುವ ಮೊದಲೇ ಕಿಟಕಿ ಮುಚ್ಚುತ್ತಾರೆ. ನನ್ನ ಬೇಡಿಕೆ ದೊಡ್ಡದಲ್ಲ. ಡಿಪ್ಲೊಮಾ ಇರಲಿ, ಪದವಿ ಇರಲಿ, ಕಂಪ್ಯೂಟರ್ ಓದುವ ಪ್ರತಿಯೊಬ್ಬರೂ ಒಮ್ಮೆಯಾದರೂ ಒಂದು ತಂತ್ರಾಂಶವನ್ನು ಸೋರ್ಸಿನಿಂದ ಕಟ್ಟಿ, ಎದುರಾದ ಎರರುಗಳನ್ನೂ ಬಿಡಿಸಿದ ಬಗೆಯನ್ನೂ ಜರ್ನಲ್ಲಿನಲ್ಲಿ ಬರೆಯಲಿ. ಅಂಕವನ್ನು ಅದಕ್ಕೇ ಕೊಡಿ. ನೆಟ್‌ವರ್ಕ್ ಸಿಗದ ಊರುಗಳಿಗಾಗಿ ಸೋರ್ಸ್ ಕಟ್ಟುಗಳು ಕಾಲೇಜಿನ ಒಂದು ಹಾರ್ಡ್‌ಡಿಸ್ಕಿನಲ್ಲಿರಲಿ.

ಮರುದಿನ ಆ ಹುಡುಗ ಸೋರ್ಸಿನೊಳಗೆ ಒಂದೆಡೆ ತನ್ನ ಊರಿನ ಹೆಸರು ಬರೆದು ಮತ್ತೆ ‘ಮೇಕ್’ ಕೊಟ್ಟ. ಬದಲಾದ ಫೈಲನ್ನಷ್ಟೇ ಕಟ್ಟಬೇಕಿದ್ದರಿಂದ ಚಹಾಕ್ಕೆ ಏಳುವ ಮೊದಲೇ ಮುಗಿಯಿತು. ಕಿಟಕಿಯ ತಲೆಬರಹದಲ್ಲಿ ಅವನ ಊರು! ಪಕ್ಕದಲ್ಲಿದ್ದವಳು ಮುಂಡಗೋಡಿನ ಟಿಬೆಟನ್ ಕ್ಯಾಂಪಿನ ಹುಡುಗಿ. ‘ನಮ್ಮ ಲಿಪಿಯಲ್ಲೂ ಬರುತ್ತಾ ಸರ್?’ ಎಂದಳು. ನಾನು ಉತ್ತರ ಹೇಳುವ ಮೊದಲೇ ಅವನು ಕುರ್ಚಿ ಬಿಟ್ಟುಕೊಟ್ಟಿದ್ದ.