ಮೇಸ್ತ್ರಿಯ ಹೆಗಲಿಗೆ ಜಾರದ ಹೊಣೆ

ಕೊಡಗಿನ ತೋಟಗಳಲ್ಲಿ ಈಗ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು, ‘ಎಲ್ಲ ಕಾಂಟ್ರಾಕ್ಟ್ ಕೊಟ್ಟುಬಿಟ್ಟಿದ್ದೇನೆ’. ಕಾಫಿ ಕೊಯ್ಲು ಕೆ.ಜಿ. ಲೆಕ್ಕಕ್ಕೆ, ನೆರಳಿನ ಮರ ಸವರುವ ಮರಗಸಿ ಮರದ ಲೆಕ್ಕಕ್ಕೆ, ಕಾಡು ಕಡಿಯುವುದು ಎಕರೆ ಲೆಕ್ಕಕ್ಕೆ. ಬೆಳಿಗ್ಗೆ ಆಳು ಒದಗಿಸುವ ಮೇಸ್ತ್ರಿಯ ಪಿಕಪ್‌ನಿಂದ ಜನ ಇಳಿಯುತ್ತಾರೆ, ಸಂಜೆ ಅದರಲ್ಲೇ ಹೊರಡುತ್ತಾರೆ. ವಾರದ ದುಡ್ಡು ಮೇಸ್ತ್ರಿಯ ಕೈಗೆ. ತೋಟದ ಹಾಜರಿ ಪಟ್ಟಿಯಾದ ಚೆಕ್‌ರೋಲ್‌ನಲ್ಲಿ ಅವರ ಹೆಸರಿಲ್ಲ, ಪಿ.ಎಫ್. ಇಲ್ಲ, ಬೋನಸ್ಸಿನ ಮಾತಿಲ್ಲ. ಮಾಲೀಕರಿಗೆ ಇದು ತಲೆನೋವಿಲ್ಲದ ಏರ್ಪಾಡಾಗಿ ಕಾಣುತ್ತದೆ. ಕಾನೂನಿನ ಲೆಕ್ಕದಲ್ಲಿ ಮಾತ್ರ ಇದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವ ಸಾಲ.

ಮೇಸ್ತ್ರಿಯನ್ನು ನಡುವೆ ನಿಲ್ಲಿಸಿ ಹೊಣೆ ಕಳಚಿಕೊಳ್ಳುವ ದಾರಿಯನ್ನು ಕಾನೂನು ಮಾಡಿದವರು ಮೊದಲೇ ಊಹಿಸಿದ್ದರು. 1951ರ ತೋಟ ಕಾರ್ಮಿಕರ ಕಾಯ್ದೆ ‘ಕಾರ್ಮಿಕ’ ಯಾರೆಂದು ಹೇಳುವಾಗಲೇ, ನೇರವಾಗಿ ನೇಮಿಸಿದವರ ಜೊತೆಗೆ ಮಧ್ಯವರ್ತಿಯ ಮೂಲಕ ಬಂದವರನ್ನೂ ಸೇರಿಸಿತ್ತು. 5 ಹೆಕ್ಟೇರ್, ಅಂದರೆ ಹನ್ನೆರಡು ಎಕರೆಗೆ ತುಸು ಮೇಲ್ಪಟ್ಟ ತೋಟದಲ್ಲಿ 15 ಜನ ದುಡಿದರೆ ಆ ಕಾಯ್ದೆ ಅನ್ವಯವಾಗುತ್ತಿತ್ತು. ಚೆಕ್‌ರೋಲ್‌ನಲ್ಲಿ ಹದಿನಾಲ್ಕೇ ಹೆಸರು ಬರೆದು ಉಳಿದವರನ್ನು ಮೇಸ್ತ್ರಿಯ ಲೆಕ್ಕಕ್ಕೆ ದಾಟಿಸುವ ಜಾಣತನ ಆ ವ್ಯಾಖ್ಯೆಯ ಮುಂದೆ ನಿಲ್ಲುವಂಥದ್ದಲ್ಲ. ಭವಿಷ್ಯ ನಿಧಿಯ ಕಾನೂನೂ ಗುತ್ತಿಗೆದಾರನ ಮೂಲಕ ಬಂದವರನ್ನು ತೋಟದ ನೌಕರರೆಂದೇ ಎಣಿಸುತ್ತದೆ.

‘ಕೂಲಿ ಕೊಡುವುದು ದಿನದ ಲೆಕ್ಕಕ್ಕಲ್ಲ, ಕೆ.ಜಿ. ಲೆಕ್ಕಕ್ಕೆ, ಹಾಗಾಗಿ ಅವರು ನೌಕರರಲ್ಲ’ ಎಂಬುದು ಇನ್ನೊಂದು ವಾದ. ಇದಕ್ಕೆ 1956ರಲ್ಲೇ ಉತ್ತರ ಸಿಕ್ಕಿದೆ. ಗುಜರಾತಿನ ಕಛ್‌ನ ಚಿಕ್ಕ ರಣ್‌ನಲ್ಲಿ ಉಪ್ಪು ಬೆಳೆಯುವ ಅಗರಿಯಾಗಳಿಗೆ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಮಣದ ಲೆಕ್ಕಕ್ಕೆ ಹಣ ಕೊಡುತ್ತಿತ್ತು. ಅವರು ಹೆಂಡತಿ ಮಕ್ಕಳನ್ನೂ ಕೆಲಸಕ್ಕೆ ಹಚ್ಚುತ್ತಿದ್ದರು, ಬೇಕಾದರೆ ಆಳನ್ನೂ ಇಟ್ಟುಕೊಳ್ಳುತ್ತಿದ್ದರು. ಉಪ್ಪು ಮಟ್ಟಕ್ಕೆ ಬರದಿದ್ದರೆ ಕಂಪನಿ ತಳ್ಳಿಹಾಕುತ್ತಿತ್ತು. ಇಷ್ಟಾದರೂ ಅವರು ಸ್ವತಂತ್ರ ಗುತ್ತಿಗೆದಾರರಲ್ಲ, ಕಾರ್ಮಿಕರೇ ಎಂದಿತು ಸುಪ್ರೀಂ ಕೋರ್ಟ್. ಕೆಲಸ ಹೇಗೆ ಮಾಡಬೇಕೆಂದು ಹೇಳುವ ಅಧಿಕಾರ ಯಾರದ್ದು ಎಂಬುದು ಅಲ್ಲಿ ಮುಖ್ಯವಾಯಿತು. ಹಸಿರು ಕಾಯಿ ಕಿತ್ತರೆ ರೈಟರ್ ಗದರುವ, ಯಾವ ಪಟ್ಟಿಯಿಂದ ಕೊಯ್ಲು ಶುರುವಾಗಬೇಕೆಂದು ಬೆಳಿಗ್ಗೆಯೇ ಹೇಳುವ, ಸಂಜೆ ತೂಕ ಹಾಕಿಸುವ ನಮ್ಮ ತೋಟಗಳಿಗೆ ಈ ತೀರ್ಪು ಎಷ್ಟು ಹತ್ತಿರದ್ದೆಂದು ವಿವರಿಸಬೇಕಿಲ್ಲ.

1978ರ ಹುಸೇನ್‌ಭಾಯಿ ಪ್ರಕರಣ ಮಾಕುಟ್ಟದ ಆಚೆಯ ಕೇರಳದ್ದು. ಕೋಯಿಕ್ಕೋಡಿನ ಹಗ್ಗದ ಕಾರ್ಖಾನೆಯ ಮಾಲೀಕರು, ಆ ಕೆಲಸಗಾರರು ಗುತ್ತಿಗೆದಾರನ ಜನ, ನಮ್ಮವರಲ್ಲ ಎಂದು ವಾದಿಸಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕಾಗದದ ಪರದೆ ಸರಿಸಿ ನೋಡಿದರು: ಹೊಟ್ಟೆಪಾಡು ಯಾರ ಕೈಯಲ್ಲಿದೆಯೋ, ದುಡಿಮೆಯ ಫಲ ಯಾರ ವ್ಯಾಪಾರಕ್ಕೆ ಹೋಗುತ್ತದೆಯೋ ಅವರೇ ಮಾಲೀಕರು. ನಂತರದ ತೀರ್ಪುಗಳು ಈ ಸೂತ್ರವನ್ನು ಅಲ್ಲಲ್ಲಿ ಬಿಗಿ ಮಾಡಿವೆ. 2001ರ ಉಕ್ಕು ಪ್ರಾಧಿಕಾರದ ಪ್ರಕರಣವಂತೂ, ಗುತ್ತಿಗೆ ಪದ್ಧತಿ ನಿಷೇಧವಾದೊಡನೆ ಕಾರ್ಮಿಕರು ತಾವಾಗಿ ಕಾಯಂ ಆಗುವುದಿಲ್ಲ ಎಂದಿತು. ಆದರೆ ಗುತ್ತಿಗೆ ಬರೀ ನೆಪವೆಂದು ಸಾಬೀತಾದರೆ ಅವರು ಮಾಲೀಕನ ನೌಕರರೇ ಎಂಬುದನ್ನು ಆ ತೀರ್ಪೂ ಒಪ್ಪುತ್ತದೆ.

ತೋಟದ ಲೈನ್‌ಮನೆಯಲ್ಲೇ ಇಪ್ಪತ್ತು ವರ್ಷದಿಂದ ಸಂಸಾರ ಮಾಡಿಕೊಂಡಿರುವ ಯರವ ಆದಿವಾಸಿ ಕುಟುಂಬವೊಂದನ್ನು ‘ಕಾಂಟ್ರಾಕ್ಟಿನವರು’ ಎಂದು ಲೇಬರ್ ಕೋರ್ಟಿನಲ್ಲಿ ವಾದಿಸುವ ವಕೀಲರ ಪಾಡು ನೆನೆದರೆ ಅಯ್ಯೋ ಅನ್ನಿಸುತ್ತದೆ. ಮನೆ ಮಾಲೀಕರದ್ದು, ಕತ್ತಿ ಮಾಲೀಕರದ್ದು, ಮುಂಗಡ ಮಾಲೀಕರದ್ದು. ನೌಕರಿ ಮಾತ್ರ ಅವರದ್ದಲ್ಲವಂತೆ! 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯ ತೆರವು ಕಾರ್ಯಾಚರಣೆಯಲ್ಲಿ ಗುಡಿಸಲು ಕಳೆದುಕೊಂಡವರಲ್ಲಿ ಅನೇಕರು ಲೈನ್‌ಮನೆ ಬಿಟ್ಟು ಬಂದ ಆದಿವಾಸಿಗಳು. ಅವರ ಸೂರಿನ ಹೋರಾಟ ರಾಜ್ಯಕ್ಕೆಲ್ಲ ಗೊತ್ತಾಯಿತು. ಅವರು ದುಡಿದ ವರ್ಷಗಳ ಗ್ರ್ಯಾಚುಟಿ ಏನಾಯಿತೆಂದು ಯಾರೂ ಅಷ್ಟಾಗಿ ಕೇಳಲಿಲ್ಲ.

ಪಿ.ಎಫ್. ಬಾಕಿಯ ಪೆಟ್ಟು ನಿಧಾನಕ್ಕೆ ಬೀಳುತ್ತದೆ. ವಿಚಾರಣೆ ನಡೆದು ಬಾಕಿ ನಿಗದಿಯಾದರೆ ವರ್ಷಕ್ಕೆ ಶೇ 12ರ ಬಡ್ಡಿ, ಅದರ ಮೇಲೆ ದಂಡ. ಹಿಂದಿನ ವರ್ಷಗಳ ಕಾರ್ಮಿಕರ ಪಾಲನ್ನು ಈಗಿನ ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ, ಎರಡೂ ಪಾಲು ಮಾಲೀಕರ ಜೇಬಿನಿಂದಲೇ ಹೋಗಬೇಕು. ಅಪಘಾತ ಹಾಗಲ್ಲ, ಒಂದೇ ದಿನದಲ್ಲಿ ಬರುತ್ತದೆ. ಕಾಳುಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸತ್ತವರ ಸುದ್ದಿ ಇಲ್ಲಿ ಹೊಸದಲ್ಲ. ಸಿದ್ದಾಪುರ, ಪಾಲಿಬೆಟ್ಟದ ಕಡೆ ಕೆಲಸಕ್ಕೆ ನಡೆದು ಹೋಗುವಾಗ ಕಾಡಾನೆ ಎದುರಾಗುವ ಭಯ ನಿತ್ಯದ್ದು. 2025ರವರೆಗೆ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ 12ನೇ ಸೆಕ್ಷನ್ ಹಾಕಿಕೊಟ್ಟ ನಿಯಮದ ಪ್ರಕಾರ, ಕೆಲಸ ತನ್ನ ವ್ಯವಹಾರದ್ದೇ ಆಗಿದ್ದರೆ ಗುತ್ತಿಗೆದಾರನ ಆಳಿಗೂ ಮಾಲೀಕನೇ ಪರಿಹಾರ ಕೊಡಬೇಕು. ಬೇಕಿದ್ದರೆ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ತಿಂಗಳೊಳಗೆ ಕೊಡದಿದ್ದರೆ ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಅರ್ಧದಷ್ಟರವರೆಗೆ ದಂಡ. ಅಂಥ ದಿನ ಮೇಸ್ತ್ರಿಯ ಫೋನು ಸ್ವಿಚ್ ಆಫ್ ಆಗಿದ್ದರೆ ಅಚ್ಚರಿಯಿಲ್ಲ. ಅವನಾದರೂ ಯಾರು? ನಿನ್ನೆಯವರೆಗೆ ತಾನೇ ಬುಟ್ಟಿ ಹೊತ್ತವನು. ಅವನಿಂದ ಲಕ್ಷಗಟ್ಟಲೆ ವಸೂಲು ಮಾಡುವ ಹಕ್ಕು ಕಾಗದದ ಹಕ್ಕಷ್ಟೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಿಂದ ಈ ಭಾರ ಇಳಿಯಿತೆಂದು ಕೆಲವರು ಭಾವಿಸಿದ್ದಾರೆ. ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯಿಸುವ ಸಂಖ್ಯೆ 20ರಿಂದ 50ಕ್ಕೆ ಏರಿದೆ, ನಿಜ. ಹಾಗೆಂದು 49 ಜನರನ್ನು ತಂದವನ ಆಳುಗಳು ಮಾಲೀಕನಿಗೆ ಪರಕೀಯರಾಗುವುದಿಲ್ಲ, ಮೇಲೆ ಹೇಳಿದ ಪರೀಕ್ಷೆಗಳು ಉಳಿದೇ ಇವೆ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಅಪಘಾತವನ್ನೂ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಒಳಗೆ ತಂದಿದೆ. ಆನೆ ಓಡಾಡುವ ಊರಿಗೆ ಇದು ಸಣ್ಣ ಮಾತಲ್ಲ. 50 ಮುಟ್ಟಿದ ಕಡೆ ಮುಖ್ಯ ಚಟುವಟಿಕೆಗೆ ಗುತ್ತಿಗೆಯನ್ನೇ ನಿಷೇಧಿಸಿ, ನಿಗದಿತ ಅವಧಿಯಲ್ಲಿ ಮುಗಿಸಬೇಕಾದ ದಿಢೀರ್ ಕೆಲಸದ ಒತ್ತಡಕ್ಕೆ ವಿನಾಯಿತಿ ಕೊಡಲಾಗಿದೆ. ಕೊಯ್ಲಿನ ಎರಡು ಮೂರು ತಿಂಗಳನ್ನು ಈ ವಿನಾಯಿತಿಯಡಿ ಸಮರ್ಥಿಸಿಕೊಳ್ಳಲು ಯತ್ನಿಸಬಹುದು. ವರ್ಷವಿಡೀ ನಡೆಯುವ ಚಿಗುರು ತೆಗೆಯುವುದು, ಗೊಬ್ಬರ, ಸ್ಪ್ರೇ ಕೆಲಸಗಳನ್ನು ಅದರೊಳಗೆ ತೂರಿಸುವುದು ಕಷ್ಟ.

ಹಾಗಂತ ಎಲ್ಲ ಗುತ್ತಿಗೆಯೂ ನೆಪವಲ್ಲ. ಸ್ವಂತ ಜೀಪಿನಲ್ಲಿ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಒಯ್ಯುವವನು ಯಾರ ನೌಕರನೂ ಅಲ್ಲ. ತನ್ನದೇ ಏಣಿ, ತನ್ನದೇ ತಂಡ, ತನ್ನದೇ ದರದೊಂದಿಗೆ ತೋಟದಿಂದ ತೋಟಕ್ಕೆ ಹೋಗುವ ಮೆಣಸು ಕೊಯ್ಯುವವನನ್ನೂ ಗುತ್ತಿಗೆದಾರ ಎನ್ನಬಹುದು. ಅಪಘಾತದ ಹೊಣೆ ಅವನ ವಿಷಯದಲ್ಲೂ ಮಾಲೀಕನನ್ನು ಬಿಡಲಿಕ್ಕಿಲ್ಲ ಎಂಬುದು ಬೇರೆ ಮಾತು. ಮೂರು ನಾಲ್ಕು ಎಕರೆಯ ಬೆಳೆಗಾರನ ಕಷ್ಟ ಇನ್ನೊಂದು ಬಗೆಯದು. ಅವನಿಗೆ ಆಳು ಸಿಗುವುದೇ ಮೇಸ್ತ್ರಿಯ ಮೂಲಕ. ದೊಡ್ಡ ಎಸ್ಟೇಟಿಗೂ ಅವನಿಗೂ ಒಂದೇ ಮಾತು ಹೇಳುವುದು ನ್ಯಾಯವಲ್ಲ.

ಒಂದು ಕಾಲದಲ್ಲಿ ತೋಟದ ಕರಾರು ಕಟ್ಟಿಹಾಕುತ್ತಿದ್ದುದು ಕೂಲಿಯವನನ್ನು. ಮುಂಗಡ ಪಡೆದು ಕೆಲಸ ಬಿಟ್ಟವನಿಗೆ 1859ರ ಕಾಯ್ದೆಯಡಿ ಜೈಲು ಕಾದಿತ್ತು. ಅದು ರದ್ದಾದದ್ದು 1925ರಲ್ಲಿ. ಈಗ ಅದೇ ಕರಾರು ಮಾಲೀಕನನ್ನು ಬಿಡಿಸಿಕೊಳ್ಳುವ ಸಾಧನವಾಗಿದೆ. ಬೆಂಗಳೂರಿನ ಡೆಲಿವರಿ ಹುಡುಗರಿಗೆ 2025ರ ಗಿಗ್ ಕಾರ್ಮಿಕರ ಕಾಯ್ದೆಯ ಮೂಲಕ ಮಂಡಳಿಯೊಂದನ್ನು ಕೊಟ್ಟ ರಾಜ್ಯ ಸರ್ಕಾರ, ಕೊಡಗಿನ ಐದು ತಾಲ್ಲೂಕುಗಳಲ್ಲಿ ಮೇಸ್ತ್ರಿಗಳನ್ನೂ ಅವರು ಕರೆತರುವ ಜನರನ್ನೂ ನೋಂದಾಯಿಸಲು ಮುಂದಾಗಬಹುದು. ಬೆಳೆಗಾರರ ಸಂಘಟನೆಗಳು ಕಾರ್ಮಿಕರ ಹೆಸರು, ಕೂಲಿ, ವಿಮೆ ನಮೂದಾಗುವ ಸರಳ ಕರಾರುಪತ್ರವೊಂದನ್ನು ಸಿದ್ಧಪಡಿಸಿ, ಸಣ್ಣ ಬೆಳೆಗಾರರು ಕೂಡಿ ಗುಂಪು ವಿಮೆ ಮಾಡಿಸಲು ನೆರವಾಗಲಿ. ಅರೇಬಿಕಾ ಹಣ್ಣಾಗುವ ನವೆಂಬರಿಗೆ ಮೊದಲೇ ಇದು ಆಗಬೇಕು. ಕೊಯ್ಲು ಶುರುವಾದ ಮೇಲೆ ಕಾಗದ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ.