ಗೃಹವಿಚಾರ: ಎಷ್ಟು ಅಂತಸ್ತಾಯಿತು?

ಊರ ನಡುವೆ ಬಹುಮಹಡಿಯ ವಾಸದ ಕಟ್ಟಡವೊಂದು ಏಳಲಾರಂಭಿಸಿತೆಂದರೆ, ಅದರಲ್ಲಿ ಮನೆಯನ್ನು ಗೊತ್ತುಮಾಡಿಕೊಂಡಿರುವ ಕುಟುಂಬದವರಿಗೆ ಹೊಸದೊಂದು ನಿತ್ಯನೇಮವು ಹುಟ್ಟಿಕೊಳ್ಳುವುದು. ಯಜಮಾನರು ಕಚೇರಿಯಿಂದ ಹಿಂದಿರುಗುವಾಗ ದಾರಿಯನ್ನು ಸ್ವಲ್ಪ ಬಳಸಿ ಆ ಬೀದಿಯಿಂದಲೇ ಬರುವರು, ಗೃಹಿಣಿಯು ಬಾಗಿಲಲ್ಲಿಯೇ “ಎಷ್ಟು ಅಂತಸ್ತಾಯಿತು?” ಎಂದು ಕೇಳುವಳು. ಈಗಿನ ಮನೆಯ ಬಾಡಿಗೆಯೂ ಬರಲಿರುವ ಮನೆಯ ಸಾಲದ ಬಡ್ಡಿಯೂ ಒಂದೇ ಸಂಬಳದಿಂದ ಹೋಗುತ್ತಿರುವಾಗ ಈ ಆತುರವು ಸಹಜವಾದುದೇ ಸರಿ. ಆದರೆ ಎತ್ತರದ ಮನೆಯ ಪ್ರಗತಿಯನ್ನು ಅಂತಸ್ತಿನ ಲೆಕ್ಕದಿಂದ ಮಾತ್ರವೇ ತಿಳಿಯುವೆವೆಂಬುದು, ಮಗುವಿನ ಆರೋಗ್ಯವನ್ನು ಅದರ ಉದ್ದವನ್ನಳೆದು ತಿಳಿಯುವೆವೆಂಬಂತೆ. ಮೊದಲೇ ಮುಚ್ಚಿಹೋಗುವ ಭಾಗದಲ್ಲಿ ಅದರ ಆಯುಸ್ಸು ಅಡಗಿರುವುದು.

ಇದಕ್ಕೆ ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಒಂದು ದೃಷ್ಟಾಂತವನ್ನು ಕೊಡಬಹುದು. ಆ ನಗರದ ವ್ಯಾಪಾರಕೇಂದ್ರದಲ್ಲಿ ಮಿಲೇನಿಯಂ ಟವರ್ ಎಂಬ 58 ಅಂತಸ್ತುಗಳ ವಾಸದ ಸೌಧವು 2009ರಲ್ಲಿ ಪೂರ್ಣಗೊಂಡಿತು. ಎತ್ತರ 645 ಅಡಿ. ಮನೆಗಳು ನಾನೂರಕ್ಕೂ ಮೇಲ್ಪಟ್ಟು. ಸಿರಿವಂತರು ಬಹಳ ಬೆಲೆ ಕೊಟ್ಟು ಮನೆಗಳನ್ನು ಕೊಂಡರು. 2016ರಲ್ಲಿ ಹೊರಬಿದ್ದ ಸುದ್ದಿಯೇನೆಂದರೆ, ಸೌಧವು ಆ ವೇಳೆಗೆ ಸುಮಾರು 16 ಅಂಗುಲಗಳಷ್ಟು ನೆಲದೊಳಕ್ಕೆ ಕುಸಿದಿದ್ದುದಲ್ಲದೆ, ಒಂದು ಪಕ್ಕಕ್ಕೆ ವಾಲಲೂ ಆರಂಭಿಸಿತ್ತು. ಕಟ್ಟುತ್ತಿದ್ದಾಗ ಬೀದಿಯಲ್ಲಿ ನಿಂತು ಅಂತಸ್ತುಗಳನ್ನು ಎಣಿಸಿದವರಾರಿಗೂ ಇದು ಗೋಚರವಾಗುವಂತಿರಲಿಲ್ಲ.

ಕಾರಣವನ್ನು ನೆಲದೊಳಗೆ ಹುಡುಕಬೇಕು. ಆ ಸೌಧದ ಬುಡದಲ್ಲಿ ಹತ್ತು ಅಡಿ ದಪ್ಪದ ಕಾಂಕ್ರೀಟಿನ ಹಾಸು. ಅದರ ಕೆಳಗೆ ನೆಲಕ್ಕಿಳಿಸಿದ ಸುಮಾರು 950 ಕಾಂಕ್ರೀಟು ಕಂಬಗಳು. ಈ ಕಂಬಗಳು ಗಟ್ಟಿಯಾದ ಮರಳಿನ ಪದರದಲ್ಲಿ ನಿಂತಿದ್ದುವೇ ಹೊರತು, 200 ಅಡಿಗೂ ಕೆಳಗಿದ್ದ ಬಂಡೆಯನ್ನು ಮುಟ್ಟಿರಲಿಲ್ಲ. ಮರಳಿಗೂ ಬಂಡೆಗೂ ನಡುವೆ ಜೇಡಿಯ ಪದರವಿತ್ತು. ತೊಯ್ದ ಬಟ್ಟೆಯ ಗಂಟಿನ ಮೇಲೆ ರುಬ್ಬುಗುಂಡನ್ನಿಟ್ಟರೆ ನೀರು ಮೆಲ್ಲಮೆಲ್ಲನೆ ಹಿಂಡಿಹೋಗಿ ಗಂಟು ತಗ್ಗುವುದಷ್ಟೆ? ಭಾರದ ಕೆಳಗಿನ ಜೇಡಿಯೂ ಹಾಗೆಯೇ ವರ್ಷಗಟ್ಟಲೆ ತಗ್ಗುತ್ತ ಹೋಗುವುದು. ಪಕ್ಕದಲ್ಲಿ ಸಾರಿಗೆಯ ನಿಲ್ದಾಣಕ್ಕಾಗಿ ಆಳವಾಗಿ ತೋಡಿ ಅಂತರ್ಜಲವನ್ನು ತೆಗೆದುದೇ ಅನರ್ಥಕ್ಕೆ ಮೂಲವೆಂದು ಕಟ್ಟಿಸಿದವರೂ, ಬಂಡೆಯನ್ನು ಮುಟ್ಟದ ಪಾಯವೇ ಮೂಲವೆಂದು ನಿಲ್ದಾಣದವರೂ ವಾದಿಸಿದರು. ವ್ಯಾಜ್ಯವು ಕಡೆಗೆ ರಾಜಿಯಲ್ಲಿ ಮುಗಿಯಿತು. ಎರಡು ಪಕ್ಕಗಳಲ್ಲಿ ಹೊಸ ಕಂಬಗಳನ್ನು ಬಂಡೆಯವರೆಗೆ ಇಳಿಸುವ ದುರಸ್ತಿಯನ್ನು ಕೈಗೊಂಡರೆ, 2021ರಲ್ಲಿ ಆ ಕೆಲಸದ ನಡುವೆಯೇ ಕುಸಿತವು ಹೆಚ್ಚಿದುದರಿಂದ ಕೆಲಕಾಲ ಅದನ್ನೂ ನಿಲ್ಲಿಸಬೇಕಾಯಿತು. ಕೊನೆಗೆ 18 ಕಂಬಗಳನ್ನಿಳಿಸಿ, 2023ರಲ್ಲಿ ಸೌಧದ ಭಾರದ ಒಂದಂಶವನ್ನು ಅವುಗಳಿಗೆ ವಹಿಸಿ ಮುಗಿಸಿದರು. ಅದಕ್ಕೆ ತಗಲಿದ ವೆಚ್ಚ ಸುಮಾರು ಹತ್ತು ಕೋಟಿ ಡಾಲರು. ಇಷ್ಟು ಹಣವುಳ್ಳ ನಗರದಲ್ಲಿ, ಇಷ್ಟು ನಿಪುಣರ ನಡುವೆ ಹೀಗಾಯಿತೆಂಬುದು ವಿಚಾರಮಾಡತಕ್ಕ ಸಂಗತಿ.

ಬಂಡೆಯನ್ನು ಮುಟ್ಟದ ಪಾಯವೆಲ್ಲವೂ ಕೆಟ್ಟದೆಂದು ವಾಚಕರು ಭಾವಿಸಬಾರದು. ಭಾರಕ್ಕೂ ಮಣ್ಣಿಗೂ ಹೊಂದಿಕೆಯಿರುವುದು ಮುಖ್ಯ. ನಮ್ಮ ಬೆಂಗಳೂರು ಪುರಾತನ ಶಿಲೆಯ ಮೇಲೆ ಕುಳಿತಿರುವುದು ನಿಜ. ಆದರೆ ಎಲ್ಲ ನಿವೇಶನಗಳಲ್ಲಿಯೂ ಬಂಡೆಯು ಒಂದೇ ಆಳದಲ್ಲಿ ಸಿಗುವುದಿಲ್ಲ. ಕೆರೆಗಳನ್ನು ಮುಚ್ಚಿ ನೆಲಮಾಡಿಕೊಂಡ ಊರಿದು. ಇಂದು ಕೆಂಪೇಗೌಡ ಬಸ್ ನಿಲ್ದಾಣವಿರುವ ಎಡೆಯಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿದ್ದಿತೆಂಬುದನ್ನು ಹಿರಿಯರು ಬಲ್ಲರು. ಆದುದರಿಂದ ಮನೆಯನ್ನು ಗೊತ್ತುಮಾಡುವಾಗ “ಮಣ್ಣಿನ ಪರೀಕ್ಷೆಯ ವರದಿಯೇನು? ಪಾಯವು ಯಾವುದರ ಮೇಲೆ ನಿಂತಿದೆ?” ಎಂದು ಕೇಳಿ, ಪರಿಚಿತರಾದ ಇಂಜಿನಿಯರೊಬ್ಬರಿಗೆ ಉತ್ತರವನ್ನು ತೋರಿಸುವುದರಲ್ಲಿ ಸಂಕೋಚವೇನೂ ಬೇಡ. ಒಂದು ಸೀರೆಯ ಅಂಚನ್ನು ನಾಲ್ಕು ಸಲ ತಿರುವಿ ನೋಡುವ ನಾವು, ಆಜನ್ಮದ ಉಳಿತಾಯವನ್ನು ಹಾಕುವ ಮನೆಯ ಬುಡವನ್ನು ವಿಚಾರಿಸದಿರುವುದುಂಟೆ?

ಅಂತಸ್ತುಗಳು ಏಳುವ ಕಾಲದಲ್ಲಿಯೂ ವೇಗವೊಂದೇ ಗುಣವಲ್ಲ. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವುದು. ಆದಕಾರಣ ಕಡಮೆಯೆಂದರೂ ಏಳು ದಿನ, ಬಿಸಿಲು ಬಲವಾಗಿದ್ದರೆ ಅದಕ್ಕೂ ಹೆಚ್ಚು ದಿನ, ಅದನ್ನು ತೇವವಾಗಿಟ್ಟಿರಬೇಕು. ಕೆಲಸದ ಕಾಲದಲ್ಲಿ ಅಚ್ಚಿಗೆ ಹೊಯ್ದಿಟ್ಟ ಘನಾಕಾರದ ತುಂಡುಗಳನ್ನು 28ನೆಯ ದಿನ ಯಂತ್ರದಲ್ಲಿ ಒತ್ತಿ ಬಲವನ್ನು ಪರೀಕ್ಷಿಸುವರು. ಒಂದು ತಾರಸಿಯು ಒಂದು ವಾರ ತಡವಾಯಿತೆಂದು ಮೇಸ್ತ್ರಿಯನ್ನು ದೂಷಿಸುವವರು, ನೀರು ಹಾಕುವುದು ತಪ್ಪಿತೇ ಎಂದು ವಿಚಾರಿಸಿದರೆ ಹೆಚ್ಚು ಪ್ರಯೋಜನವುಂಟು.

ಇನ್ನು ಹಣದ ಮಾತು. ಒಂದೊಂದು ತಾರಸಿ ಬಿದ್ದಂತೆ ಒಂದೊಂದು ಕಂತು ಸಲ್ಲಬೇಕೆಂಬ ಕರಾರು ಬಳಕೆಯಲ್ಲಿರುವುದರಿಂದ, ಅಂತಸ್ತು ಏರಿದಷ್ಟೂ ನಮ್ಮ ಗಂಟು ಕರಗುವುದು. ಈ ವಿಷಯದಲ್ಲಿ 2016ರ ಕೇಂದ್ರ ಕಾಯಿದೆ, ಜನರು ರೇರಾ ಎನ್ನುವುದು, ಗೃಹಸ್ಥನಿಗೆ ಒಳ್ಳೆಯ ಆಸರೆ. ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಬೇರೆ ಖಾತೆಯಲ್ಲಿಡತಕ್ಕದ್ದು. ಇಂಜಿನಿಯರು, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕ ಈ ಮೂವರೂ ದೃಢೀಕರಿಸಿದಷ್ಟು ಕೆಲಸಕ್ಕೆ ತಕ್ಕಂತೆ ಮಾತ್ರ ಅದನ್ನು ತೆಗೆಯತಕ್ಕದ್ದು. ಮೂರು ತಿಂಗಳಿಗೊಮ್ಮೆ ಕೆಲಸದ ಪ್ರಗತಿಯನ್ನು ಪ್ರಾಧಿಕಾರದ ಜಾಲತಾಣದಲ್ಲಿ ಪ್ರಕಟಿಸತಕ್ಕದ್ದು. ನೋಂದಾಯಿತ ಕರಾರಿಲ್ಲದೆ ಬೆಲೆಯ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಮುಂಗಡವನ್ನು ಕೇಳಕೂಡದು. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡುಬಂದು ತಿಳಿಸಿದರೆ, ಮೂವತ್ತು ದಿನಗಳಲ್ಲಿ ಕಟ್ಟಿಸಿದವರೇ ತಮ್ಮ ಖರ್ಚಿನಿಂದ ಸರಿಪಡಿಸತಕ್ಕದ್ದು. ಬೀದಿಯಲ್ಲಿ ನಿಂತು ಕಾಣುವುದನ್ನೂ ಆ ಪ್ರಕಟಣೆಯಲ್ಲಿ ಬರೆದಿರುವುದನ್ನೂ ಹೋಲಿಸಿ ನೋಡುವ ಅಭ್ಯಾಸವನ್ನು ಮನೆಯಲ್ಲಿ ಒಬ್ಬರಾದರೂ ಇಟ್ಟುಕೊಳ್ಳಬೇಕು.

ಕೊನೆಯ ತಾರಸಿ ಬಿದ್ದೊಡನೆ ಗೃಹಪ್ರವೇಶಕ್ಕೆ ಮುಹೂರ್ತವನ್ನಿಡಿಸುವುದು ಮತ್ತೊಂದು ಅವಸರ. ಆಮೇಲೆಯೇ ನೀರಿನ ಕೊಳವೆ, ವಿದ್ಯುತ್ತು, ಲಿಫ್ಟು, ಬೆಂಕಿಯಿಂದ ರಕ್ಷಣೆಯ ಏರ್ಪಾಟು ಮೊದಲಾದ ನಿಧಾನದ ಕೆಲಸಗಳು ಬರುವುವು. ಅವೆಲ್ಲವೂ ಮುಗಿದು ಸ್ವಾಧೀನಾನುಭವ ಪತ್ರವು ಕೈಗೆ ಬರುವವರೆಗೆ ಈಗಿನ ಬಾಡಿಗೆ ಮನೆಯನ್ನು ಬಿಡದಿರುವುದು ಕ್ಷೇಮ. ಅಷ್ಟರವರೆಗೆ ಅಡಿಗೆಯ ಮನೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ, ಯಾವ ದಿನ ಯಾವ ಕೆಲಸ ನಡೆಯಿತು, ಯಾವ ಕಂತು ಸಂದಿತು, ಯಾರು ಏನು ಉತ್ತರ ಹೇಳಿದರು ಎಂಬುದನ್ನು ತಾರೀಖಿನೊಡನೆ ಬರೆದಿಡಿರಿ. ಮನೆಯ ಬೀಗದ ಕೈ ಬಂದ ದಿನವನ್ನಂತೂ ಮರೆಯದೆ ಬರೆಯಿರಿ. ಐದು ವರ್ಷಗಳ ಲೆಕ್ಕವು ಅಂದಿನಿಂದಲೇ ಮೊದಲಾಗುವುದು.