ಹುಲಿಗೆ ಕಿಸೆ ಎಲ್ಲಿ?

ಪುತ್ತೂರು ಉಪವಿಭಾಗದ ಸಹಾಯಕ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ಪುತ್ತೂರು, ಸುಳ್ಯ, ಕಡಬ ಮೂರೂ ನಿಮ್ಮ ಉಪವಿಭಾಗಕ್ಕೆ ಸೇರಿದ್ದರಿಂದ ಈ ಕಾಗದವನ್ನು ನಿಮಗೇ ಬರೆಯುತ್ತಿದ್ದೇನೆ. ಗಡಿಪಾರಿನ ಕಡತ, ಜಾಗದ ತಕರಾರುಗಳ ನಡುವೆ ಮಾರ್ನೆಮಿಯ, ಅಂದರೆ ನವರಾತ್ರಿಯ, ವೇಷದ ಸಂಗತಿ ನಿಮಗೆ ಸಣ್ಣದಾಗಿ ಕಂಡೀತು. ಆದರೆ ಕಳೆದ ನವರಾತ್ರಿಯಿಂದ ಈಚೆಗೆ ನಮ್ಮೂರಿನ ಹೋಟೆಲಿನಲ್ಲಿ, ಸೊಸೈಟಿಯ ಜಗಲಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಇದರ ಚರ್ಚೆ ನಿಂತಿಲ್ಲ. ನಿಲ್ಲದಿರುವುದಕ್ಕೆ ಸ್ವಲ್ಪ ಮಟ್ಟಿಗೆ ನನ್ನ ಮೊಮ್ಮಗನೂ ಕಾರಣ.

ಅವನಿಗೆ ಒಂಬತ್ತು ವರ್ಷ. ಕಳೆದ ವರ್ಷ ಮೊದಲ ಸಲ ಹುಲಿಯಾದ. ಬೆಳಗಿನ ಜಾವ ಎದ್ದು, ಎರಡೂ ಕೈಗಳನ್ನು ಅಡ್ಡಕೋಲಿನ ಮೇಲೆ ಚಾಚಿ, ಟೇಬಲ್ ಫ್ಯಾನಿನ ಮುಂದೆ ನಿಂತವ ಗಂಟೆಗಟ್ಟಲೆ ಕೂರಲಿಲ್ಲ. ಮೊದಲು ಬಿಳಿ, ಅದು ಒಣಗಿದ ಮೇಲೆ ಹಳದಿ, ಆಮೇಲೆ ಕಪ್ಪು ಪಟ್ಟೆ. ಚುಕ್ಕೆಯ ಚಿಟ್ಟೆಪಿಲಿ ಬೇಡ, ಪಟ್ಟೆಪಿಲಿಯೇ ಆಗಬೇಕೆಂದು ಅವನ ಹಟ. ಹಿಂದಿನ ಸಂಜೆ ಊದು ಹಾಕಿದ್ದರು. ಆ ಧೂಪದ ಎದುರು ಇಟ್ಟು ಕೈಮುಗಿದ ಹುಲಿಮುಖದ ಮಂಡೆಯನ್ನೇ ಅವನ ತಲೆಗೆ ಕಟ್ಟಿದ್ದು. ಇಷ್ಟೆಲ್ಲ ಆಗಿ ಒಂದು ವೇಷ ಸ್ಪರ್ಧೆಯ ಗೇಟಿಗೆ ಹೋದೆವು. ಯಾವ ಸ್ಪರ್ಧೆ, ಯಾರದ್ದು ಎಂದು ಹೇಳುವುದಿಲ್ಲ. ದೂರು ಕೊಡುವುದು ನನ್ನ ಉದ್ದೇಶವಲ್ಲ.

ಗೇಟಿನಲ್ಲಿ ಸಮವಸ್ತ್ರದ ಖಾಸಗಿ ಕಾವಲಿನವನೊಬ್ಬ ಇದ್ದ. "ಮಂಡೆ ತೆಗಿ" ಎಂದ. ತೆಗೆದುಕೊಟ್ಟೆವು. ಅದನ್ನು ಬೋರಲು ಹಾಕಿ, ಕೈಹಾಕಿ ನೋಡಿ, ಜನರಿಂದ ಕಿತ್ತಿಟ್ಟ ನೀರಿನ ಬಾಟಲಿಗಳ ರಾಶಿಯ ಪಕ್ಕ ನೆಲದಲ್ಲಿಟ್ಟ. ಆಮೇಲೆ ಹುಡುಗನ ಸೊಂಟದಿಂದ ಕಾಲಿನವರೆಗೆ ತಡವಿದ. ಬಣ್ಣ ಪೂರ್ತಿ ಒಣಗಿರಲಿಲ್ಲ. ಕಾವಲಿನವನ ಎರಡೂ ಅಂಗೈ ಹಳದಿಯಾಯಿತು, ಹುಡುಗನ ತೊಡೆಯ ಮೇಲೆ ಎರಡು ಪಟ್ಟೆ ಅಳಿಸಿಹೋಯಿತು. "ಅಣ್ಣಾ, ಹುಲಿಗೆ ಕಿಸೆ ಎಲ್ಲಿ ಉಂಟು?" ಎಂದು ಕೇಳಿದ ನಮ್ಮವ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾವಲಿನವನೂ ನಕ್ಕು, ಕೈಯನ್ನು ಬ್ಯಾರಿಕೇಡಿಗೆ ಒರೆಸಿಕೊಂಡ. ಪಾಪ, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮ ಹಿಂದೆ ಮಹಿಷಾಸುರನ ವೇಷದ ಕಾಲೇಜು ಹುಡುಗನೊಬ್ಬನಿದ್ದ. ಅವನ ಮರದ ಕತ್ತಿಯನ್ನು ತೆಗೆದಿಟ್ಟುಕೊಂಡರು. ನವರಾತ್ರಿಯಲ್ಲಿ ಮಹಿಷಾಸುರ ಬರಿಗೈಯಲ್ಲಿ ರಂಗಕ್ಕೆ ಹೋದ.

ಅಂದು ಸಂಜೆಯೇ ಊರು ಎರಡಾಯಿತು. ಗೋಳಿಬಜೆ ತಿನ್ನುತ್ತಾ ಒಬ್ಬರು, "ಈ ಕಾಲಕ್ಕೆ ಚೆಕಿಂಗ್ ಬೇಕೇ ಬೇಕು ಮಾರಾಯ್ರೆ, ಮುಖಕ್ಕೆ ಬಣ್ಣ ಹಾಕಿದವ ಯಾರೆಂದು ಯಾರಿಗೆ ಗೊತ್ತು?" ಎಂದರು. ಇನ್ನೊಬ್ಬರು, "ಇದು ನಮ್ಮ ಹಬ್ಬಕ್ಕೆ ಮಾಡಿದ ಅವಮಾನ, ಬೇರೆಯವರ ಹಬ್ಬಕ್ಕೆ ಹೀಗೆ ಮಾಡ್ತಾರಾ?" ಎಂದು ಮೇಜು ಕುಟ್ಟಿದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಎರಡನೆಯ ಮಾತಿನಲ್ಲಿ ಹಬ್ಬಕ್ಕಿಂತ ಬೇರೆ ಲೆಕ್ಕಾಚಾರವೇ ಹೆಚ್ಚಿತ್ತು.

ಭಯಕ್ಕೆ ಕಾರಣ ಇಲ್ಲವೆಂದು ಹೇಳಲಾರೆ. 2022ರ ಜುಲೈಯಲ್ಲಿ ನಮ್ಮ ತಾಲೂಕಿನ ಬೆಳ್ಳಾರೆಯ ಸುತ್ತ ನಡೆದ ಕೊಲೆಗಳ ಬಳಿಕ ಸಂಜೆ ಆರಕ್ಕೆ ಅಂಗಡಿ ಬಾಗಿಲು ಹಾಕಿದ ದಿನಗಳನ್ನು ನಾವು ಕಂಡಿದ್ದೇವೆ. ಅಡಿಕೆ ಮಾರಲು ಪೇಟೆಗೆ ಹೋದವರು ಬೆಳಕಿರುವಾಗಲೇ ಮನೆ ಸೇರಬೇಕಿತ್ತು. ಅಂಥ ನೆಲದಲ್ಲಿ ಅಧಿಕಾರಿಯೊಬ್ಬರು ಮುಖವಾಡವನ್ನು ಕಂಡು ಹುಬ್ಬೇರಿಸಿದರೆ ತಪ್ಪು ಹೇಳುವುದು ಹೇಗೆ?

ದೊಡ್ಡ ಊರಿನವರೂ ಹುಬ್ಬೇರಿಸಿದ್ದುಂಟು. ಪ್ಯಾರಿಸ್ ಮತ್ತು ಕ್ಯಾಲಿಫೋರ್ನಿಯದ ದಾಳಿಗಳ ನಂತರ, 2015ರ ಡಿಸೆಂಬರಿನಲ್ಲಿ, ಅಮೆರಿಕದ ಡಿಸ್ನಿ ಪಾರ್ಕುಗಳ ಬಾಗಿಲಿಗೆ ಲೋಹಶೋಧಕ ಯಂತ್ರ ಬಂತು, ಆಟಿಕೆ ಬಂದೂಕು ಹೊರಗುಳಿಯಿತು, 14 ವರ್ಷ ತುಂಬಿದವರು ವೇಷ ಹಾಕಿ ಬರುವುದು ನಿಂತಿತು. ರಾಜಕುಮಾರಿಯ ಉಡುಪು ತೊಟ್ಟು ವರ್ಷವರ್ಷ ಹೋಗುತ್ತಿದ್ದ ದೊಡ್ಡವರು ಗೊಣಗಿದರು, ಮಕ್ಕಳೊಂದಿಗರು ಸಮಾಧಾನಪಟ್ಟರು. ನಮ್ಮ ಹೋಟೆಲಿನ ಜಗಳವೇ, ಭಾಷೆ ಮಾತ್ರ ಬೇರೆ. ಆದರೆ ಅಲ್ಲಿ ಗೆರೆ ಎಲ್ಲಿ ಉಂಟೆಂದು ಹೇಳಿದ್ದರು. ಹದಿನಾಲ್ಕರ ಕೆಳಗಿನ ಮಗು ವೇಷದಲ್ಲೇ ಒಳಗೆ ಹೋಗಬಹುದಿತ್ತು.

ನಮ್ಮ ಶಾಲೆಗಳಿಂದ ಬಿಡದಿಯ ವಂಡರ್‌ಲಾ ಪಾರ್ಕಿಗೆ ಪ್ರವಾಸ ಹೋಗುವುದು ಈಗ ಮಾಮೂಲು. ನಾನು ಮಾಷ್ಟ್ರಾಗಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ನೀರಿಗಿಳಿಯಲು ನೈಲಾನಿನಂಥ ಬಟ್ಟೆಯೇ ಬೇಕು, ಹತ್ತಿಯದ್ದು ಆಗದು. ಹೊರಗಿನ ತಿಂಡಿ ತರುವಂತಿಲ್ಲ. ಹೆಣ್ಣುಮಕ್ಕಳ ತಾಯಂದಿರು ಮೊದಲು ಮುಖ ಸಿಂಡರಿಸಿದ್ದರು. ಹತ್ತಿಯ ನೂಲು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಸಡಿಲ ಬಟ್ಟೆ ಜಾರುಬಂಡಿಯಲ್ಲಿ ತೊಡರುತ್ತದೆ ಎಂದು ತಿಳಿಸಿ ಹೇಳಿದ ಮೇಲೆ ಸುಮ್ಮನಾದರು. ನಮ್ಮ ಕಡಬ ತಾಲೂಕಿನ ಕುಕ್ಕೆಯಲ್ಲಿ ಒಳಾಂಗಣಕ್ಕೆ ಹೋಗುವ ಗಂಡಸರು ಅಂಗಿ ಕಳಚುತ್ತಾರೆ. ಮಂತ್ರಿಯೂ ಕಳಚುತ್ತಾರೆ, ಕೂಲಿಯವನೂ ಕಳಚುತ್ತಾನೆ. ಯಾರಿಗೂ ಅವಮಾನವಾಗುವುದಿಲ್ಲ. ಮನೆಯಿಂದ ಹೊರಡುವಾಗಲೇ ಗೊತ್ತಿರುವ ಕಟ್ಟಳೆ ಅದು. ನಮ್ಮ ಹುಲಿಗೆ ಆದದ್ದು ಬೇರೆ. ಮಂಡೆ ತೆಗೆಯಬೇಕೆಂದು ಅವನಿಗೆ ತಿಳಿದದ್ದು ಗೇಟಿನಲ್ಲಿ.

ವೇಷಕ್ಕೆ ನಿರ್ಬಂಧವೇ ಬೇಡ ಎನ್ನುವವನಲ್ಲ ನಾನು. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಉಂಟು. 1978ರ ಮಾರ್ನೆಮಿಗೆ, ಹದಿನೇಳರ ಹುಡುಗ ನಾನು, ಇಬ್ಬರು ಗೆಳೆಯರ ಜೊತೆ, ಇಲ್ಲಿನ ಕೊರಗ ಬುಡಕಟ್ಟಿನವರಂತೆ, ಕೊರಗ ವೇಷ ಹಾಕಿದ್ದೆ. ಮೈಗೆ ಮಸಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಸೊಂಟಕ್ಕೆ ಸೊಪ್ಪು, ಬಾಯಲ್ಲಿ ನಾವೇ ಕಟ್ಟಿದ ಅಣಕದ ಮಾತು. ಮನೆ ಮನೆಯ ಅಂಗಳದಲ್ಲಿ ಬಿದ್ದು ಬಿದ್ದು ನಕ್ಕರು, ಚಿಲ್ಲರೆ ಕೊಟ್ಟರು. ಒಂದು ಮನೆಯ ಅಂಗಳದ ಕೆಳಗೆ, ಹಟ್ಟಿಯ ಪಕ್ಕ, ಬುಟ್ಟಿ ಮಾರಲು ಬಂದ ಕೊರಗರ ಹೆಂಗಸೊಬ್ಬರು ನಿಂತಿದ್ದರು. ಜೊತೆಯಲ್ಲಿ ಸಣ್ಣ ಮಗ. ಹುಡುಗ ನಮ್ಮನ್ನು ನೋಡಿದ, ಆಮೇಲೆ ಅಮ್ಮನನ್ನು ನೋಡಿದ, ಮತ್ತೆ ನಮ್ಮನ್ನು ನೋಡಿದ. ಅವರು ಬುಟ್ಟಿಗಳನ್ನು ತಲೆಗೇರಿಸಿ, ಮಾರದೆಯೇ ಇಳಿದು ಹೋದರು. ನನಗೆ ಆಗ ಏನೂ ಅನ್ನಿಸಲಿಲ್ಲ, ಅದನ್ನೂ ಹೇಳಬೇಕು. ಅನ್ನಿಸಿದ್ದು ಎಷ್ಟೋ ವರ್ಷಗಳ ಮೇಲೆ, ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಅಂಥದೇ ಕಣ್ಣಿನ ಒಬ್ಬ ಹುಡುಗ ಬಂದು ಕೂತಾಗ.

ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ಉಣ್ಣಿಸುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ 2000ದ ಕಾಯ್ದೆಯಿಂದ ನಿಷೇಧಿಸಿತು. ಕೊರಗ ಸಂಘಟನೆಗಳು ಹೋರಾಡಿದ ಮೇಲೆ ಕೊರಗ ವೇಷವೂ ಮಾರ್ನೆಮಿಯಿಂದ ಬಹುಮಟ್ಟಿಗೆ ಮರೆಯಾಯಿತು. ಪೂರ್ತಿ ಹೋಯಿತು ಎಂದುಕೊಂಡಿರುವಾಗಲೇ, 2022ರ ಜನವರಿಯಲ್ಲಿ ವಿಟ್ಲದ ಹತ್ತಿರ ಸಾಲೆತ್ತೂರಿನಲ್ಲಿ ಮದುಮಗನೊಬ್ಬ ಕೊರಗಜ್ಜ ದೈವವನ್ನು ಹೋಲುವ ವೇಷದಲ್ಲಿ, ಹಾಳೆಯ ಟೊಪ್ಪಿ ಹಾಕಿ, ಗೆಳೆಯರ ಕುಣಿತದೊಂದಿಗೆ ಹೆಣ್ಣಿನ ಮನೆಗೆ ಬಂದ. ಎಲ್ಲ ಮತದವರೂ ಛೀಮಾರಿ ಹಾಕಿದರು, ಕೇಸಾಯಿತು, ಮದುಮಗ ಕ್ಷಮೆ ಕೇಳಿದ. ಆ ಮದುವೆಗೆ ಉಗಿದವರಲ್ಲಿ ಎಷ್ಟು ಮಂದಿ ಹಿಂದೆ ನನ್ನಂತೆ ಮಸಿ ಬಳಿದುಕೊಂಡಿದ್ದರೋ ಎಂದು ಆಗ ಯೋಚಿಸಿದ್ದೆ.

ದೈವದ ವೇಷದ್ದು ಇನ್ನೊಂದು ಬಗೆ. ಕೋಲ ಕಟ್ಟುವ ನಲಿಕೆ, ಪರವ, ಪಂಬದ ಸಮುದಾಯದವರೇ ಎಣ್ಣೆಬೂಳ್ಯ, ಅಂದರೆ ಎಣ್ಣೆ-ವೀಳ್ಯ, ತೆಗೆದುಕೊಳ್ಳದೆ ಬಣ್ಣ ಮುಟ್ಟುವುದಿಲ್ಲ, ಅಪ್ಪಣೆಯಿಲ್ಲದೆ ಕಾಲಿಗೆ ಗಗ್ಗರ ಕಟ್ಟುವುದಿಲ್ಲ. ಪರವಾನಗಿಯ ಪದ್ಧತಿ ನಿಮ್ಮ ಕಚೇರಿಗಿಂತ ಮೊದಲೇ ನಮ್ಮಲ್ಲಿತ್ತು ನೋಡಿ. 2025ರ ವಿಜಯದಶಮಿಯ ದಿನವೇ, ಅಕ್ಟೋಬರ್ 2ಕ್ಕೆ, 'ಕಾಂತಾರ'ದ ಹೊಸ ಭಾಗ ತೆರೆಗೆ ಬಂತು. ಚಿತ್ರಮಂದಿರಗಳಲ್ಲಿ ಜನ ದೈವದಂತೆ ವೇಷ ತೊಟ್ಟು ಕೂಗಿ ಕುಣಿಯತೊಡಗಿದರು. ಹೀಗೆ ಅನುಕರಿಸಬೇಡಿ ಎಂದು ವಾರದೊಳಗೆ ಚಿತ್ರ ತಯಾರಿಸಿದ ಹೊಂಬಾಳೆಯವರೇ ಬೇಡಿಕೊಳ್ಳಬೇಕಾಯಿತು. ದೈವದ ವೇಷವನ್ನು ಸ್ಪರ್ಧೆಯ ವೇದಿಕೆಗೆ ತರಬಾರದು ಎಂಬುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಅದಕ್ಕೆ ಲಾಠಿ ಬೇಡ. ಕಟ್ಟುವವರನ್ನು ಕೇಳಿ, ಅವರ ಮಾತನ್ನೇ ಅನುಮತಿ ಪತ್ರದಲ್ಲಿ ಬರೆಯಿಸಿ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಗೇಟಿನಲ್ಲಿ ಮಗುವಿನ ಮಂಡೆಯ ಒಳಗೆ ಕೈಹಾಕಿದವರು, ಆ ಮೈದಾನದಿಂದ ಹೊರಹೋಗುವ ದಾರಿ ಎಷ್ಟು ಎಂದು ನೋಡಿರಲಿಲ್ಲ. ಇದ್ದದ್ದು ಒಂದೇ, ಅದೂ ಐಸ್‌ಕ್ರೀಮ್ ಗಾಡಿಗೂ ಜನರೇಟರಿಗೂ ನಡುವೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ 2025ರ ಜೂನ್ 4ರಂದು 11 ಮಂದಿ ಸತ್ತದ್ದು ಕಾಲ್ತುಳಿತಕ್ಕೆ, ಯಾರದೋ ಕಿಸೆಯಲ್ಲಿದ್ದ ಆಯುಧದಿಂದಲ್ಲ. ದೂರ ಯಾಕೆ, ಅದೇ ವರ್ಷ ಅಕ್ಟೋಬರ್ 20ರಂದು ಪುತ್ತೂರಿನ ಕ್ರೀಡಾಂಗಣದಲ್ಲಿ, ಮುಖ್ಯಮಂತ್ರಿಯವರೇ ಬಂದಿದ್ದ ದೀಪಾವಳಿಯ ಬಟ್ಟೆ ಹಂಚುವ ಕಾರ್ಯಕ್ರಮದಲ್ಲಿ, ಜನಜಂಗುಳಿಗೆ ಸಿಕ್ಕಿ ನಿತ್ರಾಣರಾಗಿ ಹತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅದು ವೇಷ ಹಾಕಿದವರಿಂದ ಆದದ್ದಲ್ಲ. ನಮ್ಮ ಊರುಗಳಲ್ಲಿ ಜಾತ್ರೆಗೆ, ಸ್ಪರ್ಧೆಗೆ ಬಂದವರನ್ನು ಕೆಡವುವುದು ಸೆಕೆ, ಬಾಯಾರಿಕೆ, ಕಿರಿದಾದ ದಾರಿ. ಕಿತ್ತಿಟ್ಟ ನೀರಿನ ಬಾಟಲಿಗಳ ರಾಶಿಯನ್ನು ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಇನ್ನು, ಮುಖಕ್ಕೆ ಬಣ್ಣ ಹಾಕಿದವ ಯಾರೆಂದು ಗೊತ್ತಿಲ್ಲ ಎಂಬ ಮಾತು. ಮೂರು ವರ್ಷದ ಹಿಂದೆ ನಮ್ಮ ಅಂಗಳಕ್ಕೆ ಪೊಲೀಸ್ ವೇಷದವನೊಬ್ಬ ಬಂದ. ದಪ್ಪ ಮೀಸೆ, ಕಪ್ಪು ಕನ್ನಡಕ, ಹಾಳೆಯಲ್ಲಿ ಮಾಡಿದ ಟೊಪ್ಪಿ. ಬೆತ್ತದಿಂದ ಜಗಲಿಗೆ ಬಡಿದು, "ಆಧಾರ್ ಕಾರ್ಡ್ ತೆಗೀರಿ" ಎಂದು ನನ್ನ ಅಮ್ಮನನ್ನು ದಬಾಯಿಸಿದ. ಎಂಬತ್ತನಾಲ್ಕರ ಅಮ್ಮ ಅಡಿಕೆ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. "ಅದು ಕೊಡುವ. ನೀನು ಯಾರ ಮನೆಯವ, ಅದು ಹೇಳು ಮೊದಲು" ಎಂದರು. ಪೊಲೀಸ್ ಮೀಸೆ ಕಿತ್ತು ಕೈಯಲ್ಲಿ ಹಿಡಿದು, ಅಪ್ಪನ ಹೆಸರು, ಅಜ್ಜನ ಹೆಸರು, ಮನೆಯ ಹೆಸರು ಎಲ್ಲ ಒಪ್ಪಿಸಿದ. ನಮ್ಮಲ್ಲಿ ತಪಾಸಣೆ ಎಂದರೆ ಇದು. ಸ್ಪರ್ಧೆಗಳು ಬಂದು ವೇಷಗಳು ಅಂಗಳ ಬಿಟ್ಟು ಮೈದಾನಕ್ಕೆ ಹೋದಾಗ ಈ ಪ್ರಶ್ನೆ ಕೇಳುವವರು ಇಲ್ಲವಾದರು. ಅಲ್ಲಿ ಲಕ್ಷಗಟ್ಟಲೆ ಬಹುಮಾನ ಉಂಟು, ಪಾಸು ಉಂಟು, ವಿಐಪಿ ಸೋಫಾ ಉಂಟು, ಅಮ್ಮ ಇಲ್ಲ.

ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲವನ ಕಟ್ಟಿ, ಮಕ್ಕಳನ್ನು ಕುಣಿಸಿ, ನಾಟಕ ಆಡಿಸಿದರು. ಇವತ್ತೂ ಸುಳ್ಯದ ರಂಗಮನೆಯಲ್ಲಿ ಮಕ್ಕಳು ರಂಗಕ್ಕೆ ಹತ್ತುತ್ತಾರೆ. ಅತ್ತ ಕಟಪಾಡಿಯ ರವಿ ಕೃಷ್ಣಾಷ್ಟಮಿಗೆ ಭಯಂಕರ ವೇಷಗಳನ್ನು ಹಾಕಿ, ಎತ್ತಿದ ಲಕ್ಷಾಂತರ ರೂಪಾಯಿಯನ್ನು ಬಡಮಕ್ಕಳ ಚಿಕಿತ್ಸೆಗೆ ಕೊಟ್ಟವರು. ಆ ವೇಷದೊಳಗಿನ ಮುಖ ಯಾರಿಗೂ ಗುರುತು ಸಿಗುವಂಥದ್ದಲ್ಲ. ಮುಖ ಮುಚ್ಚಿದವನೆಲ್ಲ ಅನುಮಾನಕ್ಕೆ ಅರ್ಹ ಎಂಬ ಪಾಠವನ್ನು ಈ ನೆಲದ ಮಕ್ಕಳಿಗೆ ಕಲಿಸಬೇಕಾಗಿಲ್ಲ.

ಮಾನ್ಯರೆ, ಅನುಮತಿ ಪತ್ರದ ಷರತ್ತುಗಳು ಸಂಘಟಕರ ಫೈಲಿನಲ್ಲಿ ಮಲಗುತ್ತವೆ. ಗೇಟಿನವನಿಗೆ ಗೊತ್ತಿರುವುದು "ಚೆಕ್ ಮಾಡಿ ಬಿಡು" ಅಷ್ಟೆ. ಆದ್ದರಿಂದ ಈ ಸಲ ಚೌತಿಗೆ ಮೊದಲು ಒಂದು ಹಾಳೆ ಹೊರಡಿಸಿ. ಯಾವ ವೇಷ ಸಲ್ಲದು, ಯಾಕೆ ಸಲ್ಲದು ಎಂದು ಅದರಲ್ಲಿ ಇರಲಿ. ಕೊರಗರ ಅಣಕ ಮತ್ತು ದೈವ, ಇವೆರಡು ಬಿಟ್ಟರೆ ಆ ಪಟ್ಟಿ ಉದ್ದವಾಗುವ ಅಗತ್ಯ ನನಗೆ ಕಾಣುವುದಿಲ್ಲ. ಕಬ್ಬಿಣದ ಕತ್ತಿ ಬೇಡ, ಅಸಲಿಯಂತೆ ಕಾಣುವ ಬಂದೂಕೂ ಬೇಡ, ಮಹಿಷಾಸುರನಿಗೆ ಮರದ್ದು ಇರಲಿ. ತಂಡಗಳ ಹೆಸರು, ಮುಖಂಡನ ಫೋನ್ ನಂಬರು ಮುಂಚಿತವಾಗಿ ಠಾಣೆಗೆ ಹೋಗಲಿ. ಬಣ್ಣ ಹಾಕುವ ಜಾಗದಲ್ಲೇ ನೋಡುವುದನ್ನು ನೋಡಿ ಮುಗಿಸಲಿ, ಒಣಗುವ ಬಣ್ಣದ ಮೇಲೆ ಕೈ ಬೇಡ. ಈಗ ಹುಡುಗಿಯರೂ ಹುಲಿ ಹಾಕುತ್ತಾರೆ. ಅವರ ಮೈಯನ್ನು ಗಂಡಸು ಕಾವಲಿನವ ತಡವುವುದು ಎಂದರೆ ಹೇಗೆ, ನೀವೇ ಹೇಳಿ. ಆ ಹಾಳೆ ತುಳು, ಕನ್ನಡ, ಅರೆಭಾಷೆ, ಬ್ಯಾರಿ ಇಷ್ಟಾದರೂ ಭಾಷೆಗಳಲ್ಲಿ ಪಂಚಾಯತ್ ಬೋರ್ಡಿಗೆ ಬರಲಿ. ಹೊರಹೋಗುವ ದಾರಿ ಎಷ್ಟು ಅಗಲ, ನೀರು ಎಲ್ಲಿ ಸಿಗುತ್ತದೆ ಎಂಬುದನ್ನು ನೋಡದೆ ಯಾವ ಸ್ಪರ್ಧೆಗೂ ಸಹಿ ಬೀಳದಿರಲಿ.

ಬೇಗ ಕೇಳುವುದಕ್ಕೆ ಒಂದು ಸ್ವಂತ ಕಾರಣವೂ ಉಂಟು. ಈ ವರ್ಷ ಮೊಮ್ಮಗನಿಗೆ ಕರಡಿಯಾಗಬೇಕಂತೆ. ಕರಡಿಗೆ ಬಣ್ಣ ಸಾಲದು, ರೋಮದ ಉಡುಪು ಹೊಲಿಸಬೇಕು. ಚೌತಿ ಕಳೆದರೆ ನಮ್ಮ ಟೈಲರ್ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಅಳತೆ ಕೊಟ್ಟು ಬಂದಿದ್ದೇವೆ. ಕಿಸೆ ಇಡಬೇಕೋ ಬೇಡವೋ ಎಂದು ಅವರು ಕೇಳುತ್ತಿದ್ದಾರೆ.

ಇತಿ,
ಸುಳ್ಯ ತಾಲೂಕಿನ ಒಬ್ಬ ನಿವೃತ್ತ ಮಾಷ್ಟ್ರು